ನಗೆಯ ವೇದಿಕೆಯಿಂದ ಬೆಳ್ಳಿತೆರೆಗೆ

ಪ್ರಶ್ನೆ: ಸ್ಟ್ಯಾಂಡ್‌ಅಪ್ ಹಾಸ್ಯದಿಂದ ಬಂದ ರಾಬಿನ್ ವಿಲಿಯಮ್ಸ್ ಅವರಿಗೆ ಗಂಭೀರ ಪಾತ್ರಗಳು ಒಲಿದದ್ದು ಹೇಗೆ?

ಉತ್ತರ: 1951ರಲ್ಲಿ ಷಿಕಾಗೊದಲ್ಲಿ ಹುಟ್ಟಿದ ವಿಲಿಯಮ್ಸ್, ನ್ಯೂಯಾರ್ಕಿನ ಜೂಲಿಯಾರ್ಡ್‌ನಲ್ಲಿ ನಾಟಕ ಕಲಿತ ಬಳಿಕ ಸ್ಯಾನ್ ಫ್ರಾನ್ಸಿಸ್ಕೊದ ಕ್ಲಬ್ಬುಗಳಲ್ಲಿ ಮೈಕ್ ಹಿಡಿದವರು, ಆದ್ದರಿಂದ ಗಂಭೀರ ಅಭಿನಯ ಅವರಿಗೆ ತಡವಾಗಿ ದಕ್ಕಿದ ವಿದ್ಯೆಯೇನಲ್ಲ. 1978ರಲ್ಲಿ ಆರಂಭವಾದ ‘ಮಾರ್ಕ್ ಅಂಡ್ ಮಿಂಡಿ’ ಧಾರಾವಾಹಿಯ ಅನ್ಯಗ್ರಹವಾಸಿಯ ಪಾತ್ರ ಅವರನ್ನು ಮನೆಮಾತಾಗಿಸಿತು. ‘ಗುಡ್ ವಿಲ್ ಹಂಟಿಂಗ್’ (1997) ಚಿತ್ರದಲ್ಲಿ ಬಾಸ್ಟನ್ನಿನ ಉದ್ಯಾನದ ಬೆಂಚಿನ ಮೇಲೆ ಕುಳಿತು, ತಗ್ಗಿದ ದನಿಯಲ್ಲಿ ಯುವಕನೊಡನೆ ಮಾತನಾಡುವ ದೃಶ್ಯವನ್ನು ಗಮನಿಸಿ: ವೇದಿಕೆಯ ಮೇಲೆ ಒಂದು ಗಳಿಗೆಯೂ ಸುಮ್ಮನಿರದಿದ್ದ ಆ ದೇಹ ಅಲ್ಲಿ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ನನ್ನ ಮಟ್ಟಿಗೆ, ಪೋಷಕ ನಟನೆಗಾಗಿ ಅವರಿಗೆ ಬಂದ ಆಸ್ಕರ್ ಸಂದದ್ದು ಈ ನಿಶ್ಚಲತೆಗೇ. ಹಾಗೆಂದು ಅವರು ಮೈಕ್ ಬಿಡಲಿಲ್ಲ. 2002ರಲ್ಲಿ ಮತ್ತೆ ಸ್ಟ್ಯಾಂಡ್‌ಅಪ್ ಪ್ರವಾಸ ಹೊರಟರು.