ಕಲಬುರಗಿಯಿಂದ ಮೂರು ದಿನದ ಗುಡ್ಡದ ಟ್ರಿಪ್ ಎಲ್ಲಿಗೆ?

ನಾಲ್ಕು ಜನ ಗೆಳೆಯರು, ಕಲಬುರಗಿಯಿಂದ ಹೊರಡಬೇಕು, ಅಕ್ಟೋಬರ್‌ನಲ್ಲಿ ಮೂರು ದಿನ ರಜೆ. ಗುಡ್ಡ ಹತ್ತಬೇಕು, ಪ್ಯಾರಾಗ್ಲೈಡಿಂಗ್ ಥರದ್ದು ಏನಾದರೂ ಮಾಡಬೇಕು, ಕೊಡಗು ಆಗುತ್ತದಾ ಅಂತ ಕೇಳಿದ್ದೀರಿ.

ಕೊಡಗು ಬೇಡ. ಊರು ಚೆಂದವೇ, ಆದರೆ ನಮಗೆ ತುಂಬಾ ದೂರ. ಮೂರರಲ್ಲಿ ಎರಡು ದಿನ ಬಸ್ಸಿನಲ್ಲೇ ಹೋಗುತ್ತದೆ. ಬೆಂಗಳೂರಿನವರಿಗಾಗಿ ಬರೆದ ವೀಕೆಂಡ್ ಪಟ್ಟಿ ನೋಡಿ ನಾವು ಬ್ಯಾಗ್ ಕಟ್ಟುತ್ತೇವೆ, ಅದೇ ತಪ್ಪು. ನಮ್ಮ ಸ್ಟೇಷನ್ ಇರುವುದು ಮುಂಬೈ ಲೈನಿನಲ್ಲಿ ಅಲ್ವಾ? ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ಪುಣೆ. ಅಲ್ಲಿಂದ ಲೋಣಾವಳಕ್ಕೆ ಹೋಗುವ ಲೋಕಲ್ ಹಿಡಿದರೆ ಒಂದು ಗಂಟೆ ಚಿಲ್ಲರೆಯಲ್ಲಿ ಸಹ್ಯಾದ್ರಿಯ ಬುಡ. ಲೋಣಾವಳದವರೆಗೂ ಹೋಗಬೇಡಿ. ಅದಕ್ಕೂ ಮುಂಚೆ ಕಾಮ್‌ಶೇತ್, ಮಳವಲಿ ಅಂತ ಒಂದರ ಹಿಂದೆ ಒಂದು ಸಣ್ಣ ಸ್ಟೇಷನ್ ಬರುತ್ತವೆ. ನಿಮಗೆ ಬೇಕಾದದ್ದು ಈ ಎರಡೇ. ಕಾಮ್‌ಶೇತ್‌ನಲ್ಲಿ ಹಾರಾಟ, ಮಳವಲಿಯಲ್ಲಿ ಹತ್ತಾಟ.

ಯಾವುದು ಮೊದಲು ಅನ್ನುವುದರಲ್ಲೇ ಎಲ್ಲಾ ಇದೆ. ನಾನು ಮೊದಲ ಸಲ ಹೋದಾಗ ಎರಡು ದಿನ ಸುತ್ತಾಡಿ, ಹಾರುವುದನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೆ. ಗ್ರ್ಯಾಂಡ್ ಆಗಿ ಮುಗಿಸೋಣ ಅಂತ. ಅವತ್ತು ಗಾಳಿ ಹಿಂದಿನಿಂದ ಬೀಸುತ್ತಿತ್ತು. ಪ್ಯಾರಾಗ್ಲೈಡರ್ ಏಳಬೇಕಾದರೆ ಗಾಳಿ ಎದುರಿನಿಂದ ಗುಡ್ಡಕ್ಕೆ ಬಂದು ಬಡಿಯಬೇಕು. ಹಿಂದಿನ ಗಾಳಿಯಲ್ಲಿ ಯಾವ ಬುದ್ಧಿವಂತ ಪೈಲಟ್ಟೂ ಬಿಡುವುದಿಲ್ಲ. ಸಂಜೆವರೆಗೆ ಗುಡ್ಡದ ಮೇಲೆ ಹುಲ್ಲು ಕೀಳುತ್ತಾ ಕೂತು, ಕೆಳಗಿಳಿದು ರೈಲು ಹಿಡಿದೆ. ಕಟ್ಟಿದ ಅಡ್ವಾನ್ಸ್‌ನಲ್ಲಿ ಅರ್ಧವೂ ವಾಪಸ್ ಬರಲಿಲ್ಲ. ಹಾಗಾಗಿ ಗಾಳಿಯನ್ನು ನಂಬಿದ ಕೆಲಸ ಮೊದಲ ದಿನ, ಕಾಲನ್ನು ನಂಬಿದ ಕೆಲಸ ಎರಡನೇ ದಿನ. ಮೊದಲ ದಿನ ಗಾಳಿ ಕೈಕೊಟ್ಟರೆ ಇನ್ನೂ ಒಂದು ಬೆಳಿಗ್ಗೆ ಉಳಿದಿರುತ್ತದೆ. ದುಡ್ಡು ಕಟ್ಟುವ ಮೊದಲು, ಗಾಳಿ ಇಲ್ಲದಿದ್ದರೆ ಪೂರ್ತಿ ವಾಪಸ್ಸಾ ಅಂತ ಮೆಸೇಜಿನಲ್ಲಿ ಬರೆಸಿಕೊಳ್ಳಿ.

ನಿಮ್ಮದು ಟ್ಯಾಂಡೆಮ್ ಹಾರಾಟ, ಪೈಲಟ್ ಬೆನ್ನ ಹಿಂದೆಯೇ ಇರುತ್ತಾನೆ. ಓಡಿ ಅಂದಾಗ ಓಡಬೇಕು, ಅಷ್ಟೇ. ಕಾಲು ನೆಲ ಬಿಡುವ ಮುಂಚೆಯೇ ಹೆದರಿ ಕೂತುಬಿಡುವವರು ಜಾಸ್ತಿ. ಹಾಗೆ ಕೂತರೆ ಇಬ್ಬರೂ ಬೀಳುತ್ತೀರಿ. ಹೆಲ್ಮೆಟ್ ಇದೆಯಾ, ರಿಸರ್ವ್ ಪ್ಯಾರಾಶೂಟ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ, ಸಂಕೋಚ ಬೇಡ. ಅಂದಹಾಗೆ ಮಳೆಗಾಲದಲ್ಲಿ ಹಾರಾಟ ಇರುವುದಿಲ್ಲ. ಮಳೆ ನಿಂತ ಮೇಲೆ, ಅಕ್ಟೋಬರ್ ಹೊತ್ತಿಗೆ ಸೀಸನ್ ಶುರು. ನೀವು ತಿಂಗಳನ್ನು ಸರಿಯಾಗಿಯೇ ಆರಿಸಿದ್ದೀರಿ.

ರಾತ್ರಿ ಪವನಾ ಜಲಾಶಯದ ದಂಡೆಯ ಟೆಂಟ್‌ಗಳಲ್ಲಿ ಮಲಗಬಹುದು. ಶನಿವಾರ ಆದರೆ ಸ್ಪೀಕರ್ ಕಾಟ, ನಿದ್ದೆ ಮರೆತುಬಿಡಿ.

ಎರಡನೇ ದಿನ ಲೋಹಗಡ ಕೋಟೆ. ಮಳವಲಿಯಿಂದ ನಡೆದೇ ಹೋಗಿ. ದಾರಿಯಲ್ಲಿ ಭಾಜಾ ಗುಹೆಗಳಿವೆ, ಎರಡು ಸಾವಿರ ವರ್ಷಕ್ಕೂ ಹಳೆಯ ಬೌದ್ಧ ಗುಹೆಗಳು. ನಮ್ಮ ಸನ್ನತಿಯ ಸ್ತೂಪ ನೋಡಿದವರಿಗೆ ಇಲ್ಲಿ ಪರಿಚಯದವರ ಮನೆಗೆ ಬಂದಂತೆ ಅನ್ನಿಸುತ್ತದೆ. ಅಲ್ಲಿಂದ ಏರಿ, ಲೋಹಗಡ ಮತ್ತು ವಿಸಾಪುರ ಕೋಟೆಗಳ ನಡುವಿನ ಕಣಿವೆ ದಾಟಿದರೆ ಮೆಟ್ಟಿಲು ಶುರು. ಕೋಟೆಯ ಎತ್ತರ 1,033 ಮೀಟರ್. ಮೇಲೆ ಪಶ್ಚಿಮಕ್ಕೆ ಚಾಚಿಕೊಂಡಿರುವ ಕಿರಿದಾದ ಬೆನ್ನಿಗೆ ವಿಂಚೂಕಡಾ ಅನ್ನುತ್ತಾರೆ. ಮೇಲಿನಿಂದ ನೋಡಿದರೆ ಥೇಟ್ ಚೇಳಿನ ಬಾಲ. 2025ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ಇದೂ ಒಂದು, ಹಾಗಾಗಿ ಜನ ಕಡಿಮೆ ಇರುತ್ತಾರೆ ಅಂದುಕೊಳ್ಳಬೇಡಿ. ಬೆಳಿಗ್ಗೆ ಬೇಗ ಹತ್ತಿ.

ಜಲಪಾತ ಕಂಡಲ್ಲೆಲ್ಲಾ ಇಳಿಯಬೇಡಿ. 2024ರ ಜೂನ್‌ನಲ್ಲಿ ಲೋಣಾವಳದ ಭೂಶಿ ಅಣೆಕಟ್ಟಿನ ಹತ್ತಿರ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಮೇಲೆ ಎಲ್ಲೋ ಮಳೆ ಸುರಿದರೆ ಕೆಳಗಿನ ನೀರು ಕಣ್ಣೆದುರೇ ಏರುತ್ತದೆ. ಬಯಲು ಸೀಮೆಯಲ್ಲಿ ಬೆಳೆದ ನಮಗೆ ಅದರ ಅಂದಾಜು ಇರುವುದಿಲ್ಲ.

ಹತ್ತುವ ಅಂದಾಜೂ ಇರುವುದಿಲ್ಲ, ಬಿಡಿ. ಬಿಸಿಲು ತಡೆಯುತ್ತೇವೆ, ಮೆಟ್ಟಿಲು ತಡೆಯುವುದಿಲ್ಲ. ಹೋಗುವ ಮುಂಚೆ ಒಂದು ಭಾನುವಾರ ಯಾದಗಿರಿಗೆ ರೈಲಿನಲ್ಲಿ ಹೋಗಿ, ಅಲ್ಲಿನ ಗುಡ್ಡದ ಕೋಟೆ ಹತ್ತಿ ಬನ್ನಿ. ಹೊಸ ಶೂ ಕಚ್ಚುತ್ತದಾ, ನಾಲ್ವರಲ್ಲಿ ಯಾರು ಮೊದಲು ಕೂರುತ್ತಾರೆ, ಎರಡೂ ಅಲ್ಲೇ ಗೊತ್ತಾಗುತ್ತದೆ. ಬ್ಯಾಗಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇರಲಿ. ಮೂರು ದಿನ ಆದರೂ ಕೆಡುವುದಿಲ್ಲ.

ರಾಫ್ಟಿಂಗ್ ಆಸೆ ಇದ್ದರೆ ದಾಂಡೇಲಿ, ಆದರೆ ಅದಕ್ಕೆ ಇನ್ನೊಂದು ರಜೆ ಬೇಕು. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಾತ್ರ ಅಲ್ಲಿ ಕಾಳಿ ನದಿಯಲ್ಲಿ ರಾಫ್ಟ್ ಓಡುತ್ತದೆ. ನನ್ನ ತಮ್ಮ ಆಗಸ್ಟ್‌ನಲ್ಲಿ ಹೋಗಿ ದಡದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಬಂದ.

ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ದಸರಾ ಹೊತ್ತಿಗೆ ಸೀಟು ಬೇಗ ತುಂಬುತ್ತವೆ, ಬರುವ ಟಿಕೆಟ್ಟನ್ನೂ ಅವತ್ತೇ ಮಾಡಿ. ಸಿಗದಿದ್ದರೆ ಸೊಲ್ಲಾಪುರದವರೆಗೆ ಬಸ್ಸಿಗೆ ಹೋಗಿ, ಅಲ್ಲಿಂದ ಪುಣೆಗೆ ರೈಲು ಜಾಸ್ತಿ. ಅದೂ ಆಗಲಿಲ್ಲವಾ? ಹಾಗಾದರೆ ಸುಮ್ನೆ ಬೈಕ್ ತೆಗೆದು ಚಿಂಚೋಳಿಗೆ ಹೊರಡಿ. ಚಂದ್ರಂಪಳ್ಳಿ ಡ್ಯಾಂ, ಗೊಟ್ಟಂಗೊಟ್ಟ, ಎತ್ತಿಪೋತ ಜಲಪಾತ ಎಲ್ಲಾ ಆ ಕಡೆಯೇ ಇವೆ. ಹಾರಾಟ ಇಲ್ಲ, ಕಾಡಿದೆ. ಅದು 2011ರಿಂದ ವನ್ಯಜೀವಿ ಧಾಮ, ಒಳಗೆ ನಡೆಯಲು ಅರಣ್ಯ ಇಲಾಖೆಯ ಅನುಮತಿ ಕೇಳಿ. ನಾವು ಕೇಳದೆ ಹೋಗಿದ್ದೆವು. ಗಾರ್ಡ್ ಒಬ್ಬರು ತಡೆದು, “ಸಾಹೇಬ್ರ, ಇಲ್ಲಿ ಹಿಂಗ ಒಳಗ ಹೋಗಂಗಿಲ್ರಿ” ಅಂತ ಬೈಕ್ ತಿರುಗಿಸಿ ಕಳಿಸಿದ್ದರು.