ಪಲ್ಪರ್ ನೀರಿಗೆ ಸುಣ್ಣ ಹಾಕುವ ಪಿಐಡಿ ಕಂಟ್ರೋಲರ್ ಯಾಕೆ ತೂಗಾಡುತ್ತದೆ?

ಮಡಿಕೇರಿ ಹತ್ತಿರದ ತೋಟದಲ್ಲಿ ಪಿಐಡಿ ಕಂಟ್ರೋಲರ್ (ಪಿಎಚ್ ನೋಡಿಕೊಂಡು ಸುಣ್ಣದ ಪಂಪನ್ನು ತಾನೇ ಏರಿಸಿ ಇಳಿಸುವ ಸಾಧನ) ಇದ್ದರೂ ಪಲ್ಪಿಂಗ್ ನೀರಿನ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದ ನೀರಿನ, ಪಿಎಚ್ 5ಕ್ಕೂ 9ಕ್ಕೂ ಜೋಕಾಲಿ ಆಡುತ್ತಿದೆ ಅಂದಿದ್ದೀರಿ. ಹೆಚ್ಚಾಗಿ ಗೇನ್ (ಪಿಎಚ್ ಎಷ್ಟು ತಪ್ಪಿದರೆ ಪಂಪ್ ಎಷ್ಟು ಜೋರಾಗಬೇಕು ಅನ್ನುವ ಸೆಟ್ಟಿಂಗ್) ಜಾಸ್ತಿಯಾಗಿರುತ್ತದೆ. 5ರ ಆಸುಪಾಸಿನಲ್ಲಿ ಕಾಫಿ ಹಣ್ಣಿನ ಹುಳಿ ಸುಣ್ಣವನ್ನು ನುಂಗುತ್ತಲೇ ಇರುತ್ತದೆ. 7ರ ಹತ್ತಿರ ಬಂದಾಗ ಚೂರು ಜಾಸ್ತಿಯಾದರೂ ಮೇಲಕ್ಕೆ ಹಾರಿಬಿಡುತ್ತದೆ. ಸುಣ್ಣ ಕರಗುವುದೂ ನಿಧಾನ ಅಲ್ವಾ, ಪಿಎಚ್ ಅಳೆಯುವ ಪ್ರೋಬ್‌ಗೆ ಗೊತ್ತಾಗುವಷ್ಟರಲ್ಲಿ ಪಂಪ್ ಇನ್ನಷ್ಟು ಸುರಿದಿರುತ್ತದೆ.

ಮೊದಲು ಪ್ರೋಬ್ ತೊಳೆಯಿರಿ, ಹಣ್ಣಿನ ಲೋಳೆ ಮೆತ್ತಿಕೊಂಡಿರುತ್ತದೆ. ಆಮೇಲೆ ಕಂಟ್ರೋಲರನ್ನು ಮ್ಯಾನುಯಲ್‌ಗೆ (ಕೈಯಿಂದ ನಡೆಸುವ ಸ್ಥಿತಿಗೆ) ಹಾಕಿ, ಸುಣ್ಣ ಸ್ವಲ್ಪ ಏರಿಸಿ, ಪಿಎಚ್ ಅಲುಗಾಡುವವರೆಗೆ ಎಷ್ಟು ಹೊತ್ತು ಅಂತ ಗಡಿಯಾರ ನೋಡಿ. ಇಂಟಿಗ್ರಲ್ ಸಮಯ (ಉಳಿದ ತಪ್ಪನ್ನು ಕಂಟ್ರೋಲರ್ ಎಷ್ಟು ನಿಧಾನವಾಗಿ ಸರಿಪಡಿಸಬೇಕು ಅನ್ನುವ ಸೆಟ್ಟಿಂಗ್) ಅದಕ್ಕಿಂತ ಮೂರ್ನಾಲ್ಕು ಪಟ್ಟು ಇರಲಿ. ಗೇನ್ ಅರ್ಧಕ್ಕಿಳಿಸಿ, ಡಿರೈವೇಟಿವ್ (ಪಿಎಚ್ ಬದಲಾಗುವ ವೇಗಕ್ಕೆ ಸ್ಪಂದಿಸುವ ಸೆಟ್ಟಿಂಗ್) ಸೊನ್ನೆ. ಈ ಸೆಟ್ಟಿಂಗ್‌ಗಳನ್ನು ಲೆಕ್ಕ ಹಾಕುವ 1942ರ ಝೀಗ್ಲರ್–ನಿಕೋಲ್ಸ್ ಸೂತ್ರವನ್ನು ಸುಮ್ನೆ ಹಾಗೇ ಹಾಕಬೇಡಿ, ಪಿಎಚ್‌ಗೆ ಅದು ತೀರಾ ಒರಟು.