ಹೊಟ್ಟೆಯ ಸ್ಕ್ಯಾನ್ ನಾರ್ಮಲ್, ಆದರೂ ಕಲೆ ನಿಲ್ಲುತ್ತಿಲ್ಲ

ಪ್ರಶ್ನೆ: ನನಗೆ 31 ವರ್ಷ. ಎರಡನೇ ಸಿಸೇರಿಯನ್ ಆಗಿ ಒಂದೂವರೆ ವರ್ಷವಾಯಿತು. ಮುಟ್ಟು ನಿಂತ ಮೇಲೂ ಆರೇಳು ದಿನ ಕಂದು ಕಲೆ ಕಾಣುತ್ತದೆ. ಹೊಟ್ಟೆ ಮೇಲಿಂದ ಮಾಡಿದ ಸ್ಕ್ಯಾನ್ ನಾರ್ಮಲ್. ಈಗ ಒಳಗಿನಿಂದ (ಯೋನಿಯ ಮೂಲಕ) ಸ್ಕ್ಯಾನ್ ಮಾಡಿಸಿ ಅಂತಿದ್ದಾರೆ. ಬೇಕಾ? ಎಂಆರ್‌ಐ ಇನ್ನೂ ಒಳ್ಳೆಯದಲ್ವಾ?

ಉತ್ತರ: ಒಳಗಿನ ಸ್ಕ್ಯಾನ್ ಮಾಡಿಸಿ. ಮುಜುಗರ ಅಂತ ಮುಂದೂಡಬೇಡಿ. ಚರ್ಮದ ಹೊಲಿಗೆ ಚೆನ್ನಾಗಿ ಮಾಗಿದ್ದರೂ ಗರ್ಭಕೋಶದ ಹೊಲಿಗೆ ಕೆಲವರಲ್ಲಿ ಪೂರ್ತಿ ಕೂಡಿಕೊಳ್ಳುವುದಿಲ್ಲ. ಒಳಗಡೆ ಸಣ್ಣ ಗುಳಿ ಉಳಿಯುತ್ತದೆ. ರಿಪೋರ್ಟ್‌ನಲ್ಲಿ ಇದನ್ನು ಇಸ್ತ್ಮೋಸೀಲ್ ಅಥವಾ ಸ್ಕಾರ್ ಡಿಫೆಕ್ಟ್ ಎಂದು ಬರೆಯುತ್ತಾರೆ. ಮುಟ್ಟಿನ ರಕ್ತ ಅಲ್ಲಿ ನಿಂತು ಆಮೇಲೆ ನಿಧಾನವಾಗಿ ಜಿನುಗುತ್ತದೆ. ಹಳೇ ರಕ್ತವಾದ್ದರಿಂದ ಕಂದು ಬಣ್ಣ. ನೀವು ಹೇಳಿದ್ದು ಇದಕ್ಕೆ ಹೊಂದುತ್ತದೆ. ಆದರೆ ಪಾಲಿಪ್ (ಗರ್ಭಕೋಶದೊಳಗೆ ಬೆಳೆಯುವ ಸಣ್ಣ ಗಂಟು), ಹಾರ್ಮೋನ್ ಏರುಪೇರಿನಿಂದಲೂ ಹೀಗಾಗಬಹುದು, ಅದನ್ನೂ ನೋಡಬೇಕು.

ಗುಳಿ 2 ಮಿಲಿಮೀಟರ್ ಆಳವಿದ್ದರೂ ಲೆಕ್ಕಕ್ಕೆ ಬರುತ್ತದೆ. ಅಷ್ಟು ಚಿಕ್ಕದು ಹೊಟ್ಟೆ ಮೇಲಿನ ಸ್ಕ್ಯಾನ್‌ನಲ್ಲಿ ಸುಲಭವಾಗಿ ತಪ್ಪಿಹೋಗುತ್ತದೆ. ಒಳಗಿನ ಸ್ಕ್ಯಾನ್‌ನಲ್ಲಿ ಪ್ರೋಬ್ (ಸ್ಕ್ಯಾನ್ ಮಾಡುವ ಕಡ್ಡಿಯಂಥ ಸಾಧನ) ಗರ್ಭಕೋಶಕ್ಕೆ ತೀರಾ ಹತ್ತಿರ ಇರುತ್ತದೆ. ಬೂದು ಬಣ್ಣದ ಗೋಡೆಯಲ್ಲಿ ತ್ರಿಕೋನದಂಥ ಒಂದು ಕಪ್ಪು ಕಚ್ಚು, ಅದರ ಚೂಪು ತುದಿ ಮೂತ್ರಚೀಲದ ಕಡೆಗೆ. ಪರದೆಯಲ್ಲಿ ನಾವು ಹುಡುಕುವುದು ಇದನ್ನೇ. ಕಲೆ ಕಾಣುವ ದಿನಗಳಲ್ಲೇ ಹೋದರೆ ಗುಳಿಯಲ್ಲಿ ದ್ರವ ನಿಂತಿರುತ್ತದೆ, ಕಚ್ಚು ಎದ್ದು ಕಾಣುತ್ತದೆ. ಆಗಲೂ ಅನುಮಾನ ಉಳಿದರೆ ಗರ್ಭಕೋಶದೊಳಗೆ ಸ್ವಲ್ಪ ಸಲೈನ್ ಬಿಟ್ಟು ನೋಡುತ್ತಾರೆ.

'ಗುಳಿ ಇದೆ' ಅಂತಷ್ಟೇ ಬರೆದರೆ ಸಾಲದು. ಅದರ ಆಳ ಎಷ್ಟು, ಅದರಾಚೆ ಗೋಡೆ ಎಷ್ಟು ದಪ್ಪ ಉಳಿದಿದೆ, ಎರಡನ್ನೂ ಕೇಳಿ ಬರೆಸಿಕೊಳ್ಳಿ. ಎರಡನೆಯದು ಜಾಸ್ತಿ ಮುಖ್ಯ. ಗೋಡೆ 3 ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ ಹಿಸ್ಟರೋಸ್ಕೋಪಿಯಲ್ಲಿ (ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಇಳಿಸಿ) ಸರಿಮಾಡಲು ಸಾಮಾನ್ಯವಾಗಿ ಹೋಗುವುದಿಲ್ಲ, ಗೋಡೆ ತೂತಾಗಿ ಮೂತ್ರಚೀಲಕ್ಕೆ ಪೆಟ್ಟಾಗುವ ಭಯ. ಗುಳಿ ಇದ್ದವರಿಗೆಲ್ಲ ಆಪರೇಷನ್ ಬೇಕಿಲ್ಲ. ತೊಂದರೆಯೇ ಇಲ್ಲದಿದ್ದರೆ ಸುಮ್ನೆ ಬಿಡಬಹುದು.

ಎಂಆರ್‌ಐ ಈಗಲೇ ಬೇಡ. ಆಪರೇಷನ್ ಯೋಚನೆ ಬಂದಾಗ ಅದು ಉಪಯೋಗಕ್ಕೆ ಬರುತ್ತದೆ. ಸಿಸೇರಿಯನ್ ಆದ ಹೊಸದರಲ್ಲಿ ಔಷಧಿಗೂ ಜ್ವರ ಇಳಿಯದೆ ಕೀವಿನ ಅನುಮಾನ ಬಂದರೆ ಸಿಟಿ, ಎಂಆರ್‌ಐ ಮಾಡಿಸುವುದುಂಟು, ಅದು ಬೇರೆ ವಿಷಯ.

ಮತ್ತೆ ಗರ್ಭಿಣಿಯಾದರೆ 6-7 ವಾರಕ್ಕೇ ಒಳಗಿನ ಸ್ಕ್ಯಾನ್ ಮಾಡಿಸಿ. ಗರ್ಭ ಹಳೇ ಹೊಲಿಗೆಯ ಜಾಗದಲ್ಲೇ ಕೂತರೆ ವಿಪರೀತ ರಕ್ತಸ್ರಾವ ಆಗಬಹುದು, ಗರ್ಭಕೋಶ ಒಡೆಯಲೂಬಹುದು. ಸ್ಕ್ಯಾನ್ ಮಾಡುವವರಿಗೆ ಎರಡು ಸಿಸೇರಿಯನ್ ಆಗಿದೆ ಅಂತ ನೀವೇ ಮೊದಲು ಹೇಳಿಬಿಡಿ.